ಹಿಂದಕ್ಕೆ ನಡೆಯುವ ಕೆಲಸ

ಮುಂದಕ್ಕೆ ನಡೆದದ್ದೇ ತಪ್ಪಾಯಿತು. ಎಡಗೈಯಲ್ಲಿ ಭತ್ತದ ಪೈರು ಹಿಡಿದು, ಬಗ್ಗಿ, ನಾಲ್ಕು ನೆಟ್ಟು, ಐದನೆಯದಕ್ಕೆ ಚನ್ನಕೇಶವ ಕಾಲು ಮುಂದಿಟ್ಟ. ನೆಟ್ಟ ನಾಲ್ಕೂ ಅವನ ಪಾದದಡಿಗೆ ಸಿಕ್ಕಿ ಕೆಸರು ಸೇರಿದವು.

ಗದ್ದೆಯಲ್ಲಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

“ಇಂದಕ್ಕೆ ಬಾರಪ್ಪೋ, ಇಂದಕ್ಕೆ!” ಎಂದಳು ಪಟಾಲಮ್ಮ. ಅರವತ್ತು ದಾಟಿದ ಹೆಂಗಸು. ಊರಿನ ನಾಟಿಗೆಲ್ಲ ಅವಳೇ ಮುಂದಾಳು. “ನಾಟಿ ಆಕೋರು ಮುಂದಕ್ ಓದ್ರೆ ಉಣ್ಣೋದೇನ, ಕೆಸರಾ?”

ಅವನೂ ನಕ್ಕ. ಹೀಗೆ ನಕ್ಕು ಎಷ್ಟು ವರ್ಷವಾಗಿತ್ತೋ. ಆಫೀಸಿನಲ್ಲಿ ತಪ್ಪು ಮಾಡಿದರೆ ಯಾರೂ ನಗುತ್ತಿರಲಿಲ್ಲ. ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆಯುತ್ತಿದ್ದರು, ಅಷ್ಟೆ.

ಬದುವಿನ ಮೇಲೆ ನಿಂತಿದ್ದ ಅಣ್ಣ ಲಕ್ಕಣ್ಣ ಮಾತ್ರ ನಗಲಿಲ್ಲ. ಬೆಳಿಗ್ಗೆ ಜಗಲಿಯಲ್ಲೇ ಅವನು ತನ್ನ ಕರಾರು ಹೇಳಿಯಾಗಿತ್ತು.

“ಇವತ್ತೊಂದು ದಿನ ನೋಡ್ತೀನಿ. ನೀನ್ ನೆಟ್ಟ ಸಾಲು ಸಂಜೆಗೆ ತೇಲ್ದೆ ನಿಂತಿದ್ರೆ ಇಲ್ಲೇ ಇರು. ಇಲ್ದಿದ್ರೆ ನಾಳೆ ಮೊದಲ್ನೇ ಬಸ್ಸಿಗೆ ಯಲಹಂಕಕ್ಕೋಗಿ, ರೈಲ್ ಅತ್ತಿ, ಆ ಮ್ಯಾನೇಜರ್ ಕಾಲಿಡ್ಕೊ.”

“ನಾನು ಯಾರ ಕಾಲೂ ಹಿಡಿಯಲ್ಲ.”

“ಎಣ್ಣು ಕೊಡೋರು ಬಂದು ಉಡ್ಗ ಏನ್ ಮಾಡ್ತಾನೆ ಅಂದ್ರೆ ನಾನೇನೇಳ್ಲಿ? ಕುರ್ಚಿ ಒದ್ದು ಬಂದವ್ನೆ ಅನ್ಲಾ?”

ಕುರ್ಚಿಯನ್ನೇನೂ ಒದ್ದಿರಲಿಲ್ಲ. ಯಶವಂತಪುರದ ಒಂದು ಮೊಳೆ ಕಾರ್ಖಾನೆಯ ಆಫೀಸಿನಲ್ಲಿ ಏಳು ವರ್ಷ, ಬಂದ ಕಾಗದಗಳಿಗೆ ನಂಬರು ಹಾಕುವುದು ಅವನ ಕೆಲಸವಾಗಿತ್ತು. ಈ ಐವತ್ತೇಳನೆಯ ಇಸವಿಯ ಬೇಸಿಗೆ ಕಳೆಯುತ್ತಲೇ ಫ್ಲೂ ಜ್ವರ ಬಂತು. ಹಡಗು ಹತ್ತಿ ಬಂದ ಜ್ವರವಂತೆ, ಲೋಕವನ್ನೇ ಹಿಡಿದಿದೆಯಂತೆ ಎಂದು ಜನ ಮಾತಾಡಿಕೊಂಡರು. ಅರ್ಧ ಆಫೀಸು ಮಲಗಿತು. ಅವನೂ ಬಾಡಿಗೆ ಕೋಣೆಯಲ್ಲಿ ಹನ್ನೊಂದು ದಿನ ಮಲಗಿದ. ಎದ್ದು ಹೋಗುವಾಗ, ಮೇಜಿನ ಮೇಲೆ ಕಾಗದ ರಾಶಿ ಬಿದ್ದಿರುತ್ತದೆ ಎಂದು ಹೆದರಿದ್ದ.

ಮೇಜು ಖಾಲಿಯಿತ್ತು. ಕಾಗದಗಳು ನಂಬರಿಲ್ಲದೆಯೇ ಒಳಗೆ ಹೋಗಿ, ಉತ್ತರಗಳಾಗಿ ಹೊರಗೆ ಹೋಗಿದ್ದವು. ಯಾರಿಗೂ ಏನೂ ಆಗಿರಲಿಲ್ಲ. ಮೊಳೆಗಳು ತಯಾರಾಗುತ್ತಲೇ ಇದ್ದವು.

ಹೆಡ್ ಕ್ಲಾರ್ಕ್ ಜಯಸಿಂಹ ಕನ್ನಡಕದ ಮೇಲಿಂದ ನೋಡಿ, “ಓ, ನೀವು ರಜದಲ್ಲಿದ್ರಾ?” ಎಂದರು.

ಅಂದೇ ಮಧ್ಯಾಹ್ನ ರಾಜೀನಾಮೆ ಬರೆದ. ಆ ಕಾಗದಕ್ಕೂ ತಾನೇ ನಂಬರು ಹಾಕಿ ಒಳಗೆ ಕಳಿಸಿದ.

ಅದಾಗಿ ಮೂರು ವಾರ. ಬಾಗಲೂರಿನ ಆಚೆಗಿನ ಈ ಊರಿಗೂ ಜ್ವರ ಬಂದಿತ್ತು. ನಾಟಿಯ ಹೆಂಗಸರಲ್ಲಿ ಎಂಟು ಜನ ಕಂಬಳಿ ಹೊದ್ದು ಮಲಗಿದ್ದರು. ಪೈರು ಒಟ್ಟಲಿನಲ್ಲೇ, ಬೀಜ ಚೆಲ್ಲಿ ಬೆಳೆಸಿದ ಸಸಿಮಡಿಯಲ್ಲೇ, ಬಲಿತು ಹೋಗುತ್ತಿತ್ತು. ಪೈರು ಕಿತ್ತು ಹೊರುವುದು ಗಂಡಸರ ಕೆಲಸ, ನೆಡುವುದು ಹೆಂಗಸರ ಕೆಲಸ. ಬೇರೆ ವರ್ಷವಾಗಿದ್ದರೆ ಗಂಡಸನ್ನು ನಾಟಿಯ ಸಾಲಿಗೆ ಬಿಡುತ್ತಲೇ ಇರಲಿಲ್ಲ. ತನಗೊಂದು ಜಾಗ ತೆರವು ಮಾಡಿಕೊಟ್ಟ ಜ್ವರಕ್ಕೆ ಚನ್ನಕೇಶವ ಮನಸ್ಸಿನಲ್ಲೇ ಕೈ ಮುಗಿದ.

“ಪೆನ್ನು ಇಡ್ದಂಗೆ ಇಡೀಬ್ಯಾಡ ಕಣಪ್ಪ,” ಎಂದಳು ಪಕ್ಕದಲ್ಲಿದ್ದ ಅತ್ತಿಗೆ ಮರಿಯಮ್ಮ. “ಎಬ್ಬೆಟ್ಟಿನಾಗೆ ಒತ್ತು. ನೀನ್ ಕೆಸರಿನ್ ಮ್ಯಾಲೆ ರುಜು ಆಕ್ತಾ ಇದೀಯ.”

“ಹೆಬ್ಬೆಟ್ಟು ಒತ್ತೋಕೆ ಅಂತಾನೇ ಇಂಟರ್ ತನಕ ಓದಿದ್ದು ನೋಡಿ ಅತ್ತಿಗೆ.”

ಮತ್ತೆ ನಗು. ಯಾರೋ ಅವನ ಬೆನ್ನಿಗೆ ಕೆಸರೆರಚಿದರು. ಯಾರೆಂದು ತಿರುಗಿ ನೋಡುವಷ್ಟರಲ್ಲಿ ಇನ್ನೊಂದು ಮುದ್ದೆ ಕಿವಿಗೆ ಬಿತ್ತು. ಪಟಾಲಮ್ಮ ಪದ ಎತ್ತಿಕೊಂಡಳು. ಮಿಕ್ಕವರು ಸೊಲ್ಲು ಹೇಳಿದರು. ಚನ್ನಕೇಶವನಿಗೆ ಪದ ಗೊತ್ತಿರಲಿಲ್ಲ. ಸಾಲಿನ ಕೊನೆಯ ಮಾತನ್ನು ಮಾತ್ರ ಹಿಡಿದು, ಎಲ್ಲರಿಗಿಂತ ಅರ್ಧ ಉಸಿರು ತಡವಾಗಿ, ಎಲ್ಲರಿಗಿಂತ ಜೋರಾಗಿ ಹಾಡಿದ. ಬೆಳ್ಳಕ್ಕಿಗಳು ಎದ್ದು ಕೆರೆಯ ಕಡೆ ಹಾರಿದವು.

ಸ್ವಲ್ಪ ಹೊತ್ತಿಗೆ ಪಟಾಲಮ್ಮ ಅವನ ಸಾಲಿನ ಹತ್ತಿರ ಬಂದು ನಿಂತಳು. ನೋಡಿದಳು. ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿದಳು.

“ಬೋ ಸಂದಾಗೈತೆ ಕೇಶವಪ್ಪ. ಓಗು, ಒಟ್ಟಲತ್ರ ಓಗಿ ಒಂದ್ ಕಟ್ಟು ಪೈರು ತತ್ತಾ.”

ಒಟ್ಟಲು ಇದ್ದದ್ದು ಕೆರೆ ಏರಿಯ ಆ ತುದಿಯಲ್ಲಿ. ಹೋದ, ಬಂದ. ಬಂದು ನೋಡಿದರೆ ತನ್ನ ಸಾಲು ನಿಜಕ್ಕೂ ಚೆನ್ನಾಗಿಯೇ ಕಂಡಿತು. ಹೋಗುವಾಗ ಇಷ್ಟು ಚೆನ್ನಾಗಿತ್ತೇ? ದೂರದಿಂದ ನೋಡಿದರೆ ಕೆಲಸದ ಅಂದ ಕಾಣುತ್ತದೆ, ಅಷ್ಟೆ, ಎಂದುಕೊಂಡ.

ಮಧ್ಯಾಹ್ನ ಮುದ್ದೆ, ಹುರುಳಿ ಸಾರು. ಹೆಂಗಸರ ಸಾಲಿನಲ್ಲೇ ಕೂತ.

“ನಾಳೆಯಿಂದ ಸೀರೆ ಉಡ್ಸಾನಾ?” ಎಂದಳು ಒಬ್ಬಳು.

“ಬ್ಯಾಡ ಕಣೇ, ನಮ್ಗಿಂತ ಸಂದಾಗ್ ಕಂಡಾನು,” ಎಂದಳು ಪಟಾಲಮ್ಮ.

ಚನ್ನಕೇಶವ ಎರಡನೆಯ ಮುದ್ದೆ ಕೇಳಿ ಹಾಕಿಸಿಕೊಂಡ. ಆಫೀಸಿಗೆ ಡಬ್ಬಿ ಒಯ್ದು, ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದ ಮನುಷ್ಯ ಯಾರೋ ಬೇರೆಯವನು. ಆ ಮನುಷ್ಯನ ಮೇಲೆ ಕನಿಕರ ಕೂಡ ಹುಟ್ಟಲಿಲ್ಲ. ಸತ್ತರೆ ಸಾಯಲಿ ಎನ್ನಿಸಿತು.

ಊಟವಾದ ಮೇಲೆ ಮತ್ತೊಂದು ಕಟ್ಟಿಗೆ ಹೋಗಿ ಬಂದ. ಹೊತ್ತು ಇಳಿಯುವಾಗ ಪಟಾಲಮ್ಮ ಮೂರನೆಯ ಸಲ ಕಳಿಸಿದಳು. ಈ ಸಲ ಅರ್ಧ ದಾರಿಗೇ, ಪೈರು ಕೀಳುತ್ತಿದ್ದ ಪಿಳ್ಳಣ್ಣ ತಾನೇ ಕಟ್ಟು ಹೊತ್ತು ಎದುರಾದ. ಅದನ್ನು ತಲೆಗೆ ಬದಲಾಯಿಸಿಕೊಂಡು ಚನ್ನಕೇಶವ ಬೇಗನೆ ಹಿಂತಿರುಗಿದ.

ಬದುವಿನ ಹೊಂಗೆಮರದ ಹತ್ತಿರ ಬಂದವನು ಅಲ್ಲೇ ನಿಂತ.

ಪಟಾಲಮ್ಮ, ಮರಿಯಮ್ಮ ಇಬ್ಬರೂ ಅವನ ಸಾಲಿನಲ್ಲಿದ್ದರು. ಅವನು ನೆಟ್ಟದ್ದನ್ನು ಒಂದೊಂದಾಗಿ ತೆಗೆದು ಮತ್ತೆ ನೆಡುತ್ತಿದ್ದರು. ಒಂದನ್ನೂ ಕೀಳಬೇಕಾಗಲಿಲ್ಲ, ಎತ್ತಿದರೆ ಸಾಕಿತ್ತು. ಹೆಬ್ಬೆರಳು ಒಂದೇ ಸಲ ಒತ್ತುತ್ತಿತ್ತು, ಪೈರು ನಿಲ್ಲುತ್ತಿತ್ತು.

“ಬೇಗ ಬೇಗ ಕಣೇ, ಬಂದಾನು.”

“ಪಾಪ, ಎಷ್ಟ್ ಕುಸಿಯಾಗವ್ನೆ. ನಮ್ಮೆಜಮಾನ್ರು ನೋಡಿದ್ರೆ ನಾಳೇನೇ ಓಡಿಸ್ತಾರೆ.”

“ಇದ್ಕೊಳ್ಳಲಿ ಬುಡು. ಮನೆಗೆ ನಗೋರು ಒಬ್ರು ಬೇಕು.”

ಕಟ್ಟಿನ ನೀರು ಕತ್ತಿನ ಮೇಲಿಂದ ಬೆನ್ನಿಗೆ ಇಳಿಯುತ್ತಿತ್ತು. ಸಿಟ್ಟು ಬರುತ್ತದೆಂದು ಚನ್ನಕೇಶವ ಕಾದ. ಬರಲಿಲ್ಲ. ಅವರ ಬೆರಳುಗಳ ಚುರುಕನ್ನು ನೋಡುತ್ತ ನಿಂತುಬಿಟ್ಟ. ಅವರು ಮುಗಿಸಿ ತಮ್ಮ ತಮ್ಮ ಜಾಗಕ್ಕೆ ಹೋದ ಮೇಲೆ ಗಟ್ಟಿಯಾಗಿ ಕೆಮ್ಮಿ, ಗದ್ದೆಗೆ ಇಳಿದ.

“ಬಂದ್ಯಾ ಮಗಾ?”

“ನನ್ನ ಸಾಲು ಹೇಗಿದೆ?”

“ನೀನೇ ನೋಡ್ಕೊ,” ಎಂದಳು ಪಟಾಲಮ್ಮ, ಬಗ್ಗಿದ್ದವಳು ತಲೆ ಎತ್ತದೆ.

ನೋಡಿಕೊಂಡ.

ಸೂರ್ಯ ಕೆರೆಯಾಚೆ ಜಾರುವ ಹೊತ್ತಿಗೆ ಲಕ್ಕಣ್ಣ ಬಂದ. ಪಂಚೆ ಎತ್ತಿ ಕಟ್ಟಿ, ತಮ್ಮನ ಸಾಲಿಗೆ ಬಂದು ಬಗ್ಗಿದ. ಒಂದು ಪೈರನ್ನು ಎರಡು ಬೆರಳಲ್ಲಿ ಹಿಡಿದು ಎಳೆದ. ಬರಲಿಲ್ಲ. ಇನ್ನೊಂದನ್ನು ಎಳೆದ. ಅದೂ ಬರಲಿಲ್ಲ.

ಅತ್ತಿಗೆ ನೀರು ನೋಡುತ್ತಿದ್ದಳು. ‘ಅದು ನಾನು ನೆಟ್ಟದ್ದಲ್ಲ’ ಎಂಬ ಮಾತು ಚನ್ನಕೇಶವನ ನಾಲಿಗೆಯ ತುದಿಗೆ ಬಂತು. ಹೇಳಿದರೆ ನಾಳೆ ಮೊದಲನೆಯ ಬಸ್ಸು. ಹೇಳದಿದ್ದರೆ...

“ನಿಂತೈತೆ,” ಎಂದ ಲಕ್ಕಣ್ಣ. ಅವನ ಮುಖದಲ್ಲಿ ಆ ದಿನದ ಮೊದಲ ನಗು ಕಾಣಿಸಿತು. “ಪರ್ವಾಗಿಲ್ಲ ಕಣ್ಲಾ. ಇರು.”

“ನಾಳೆ ಎಷ್ಟು ಹೊತ್ತಿಗಣ್ಣ?”

“ಒತ್ತು ಉಟ್ಟೋಕ್ ಮುಂಚೆ.”

ಹೆಂಗಸರು ಹೋ ಎಂದು ಕೂಗಿದರು. ಪಟಾಲಮ್ಮ ಕೆಸರುಗೈಯಲ್ಲೇ ಅವನ ಕೆನ್ನೆ ಸವರಿ ಲಟಿಕೆ ಮುರಿದಳು. ಚನ್ನಕೇಶವನಿಗೆ ಸಂತೋಷವಾಯಿತು. ಸುಳ್ಳು ಸಂತೋಷವಲ್ಲ, ಎದೆ ಬಿರಿಯುವಷ್ಟು. ಅದೇ ಅವನಿಗೆ ಸ್ವಲ್ಪ ಭಯ ಹುಟ್ಟಿಸಿತು.

ಗದ್ದೆಯ ಮೂಲೆಯಲ್ಲಿ ಇನ್ನೊಂದಿಷ್ಟು ಜಾಗ ಉಳಿದಿತ್ತು. ಎಲ್ಲರೂ ಸಾಲಾಗಿ ಬಗ್ಗಿದರು. ಪದ ಮತ್ತೆ ಎದ್ದಿತು. ಅವನೂ ಹಾಡುತ್ತ, ನೆಡುತ್ತ, ಈಗ ಯಾರೂ ಹೇಳಿಕೊಡದೆ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಟ್ಟ. ಬೆನ್ನ ಹಿಂದೆ ಗದ್ದೆ ಎಲ್ಲಿ ಮುಗಿಯುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಅವನು ಕಾಲೆತ್ತಿದ ಕುಳಿಗೆ ಸುತ್ತಲಿನ ನೀರು ನುಗ್ಗುತ್ತಿತ್ತು. ಒಂದು ಸಲ ಗುಳುಕೆಂದು ಗುಳ್ಳೆ ಬಿಟ್ಟು, ಕೆಸರು ಕೂಡಿಕೊಂಡು, ಅಲ್ಲಿ ಯಾರೂ ನಿಂತೇ ಇರಲಿಲ್ಲವೆನ್ನುವ ಹಾಗೆ ನುಣ್ಣಗಾಗುತ್ತಿತ್ತು.