ಶೆಡ್ಡಿನ ಹಿಂದೆ ಕಳಕಮ್ಮ

"ಯಾವ ರಂಡಿ ಮುಟ್ಟಾಗಿ ಹೊಲದಾಗ ಕಾಲಿಟ್ಟಾಳ, ಬಾಯಿ ಬಿಡ್ರಲೇ!"

ವಿರುಪಾಕ್ಷಿಗೌಡ ಬಾಡಿದ ಟೊಮೆಟೊ ಗಿಡವೊಂದನ್ನು ಬೇರುಸಹಿತ ಕಿತ್ತು ನಮ್ಮ ಮುಂದೆ ಒಗೆದ. ಹನುಮಸಾಗರದ ಹತ್ತಿರ ಅವನ ಹೊಲ. ಬೀಜಕ್ಕೆಂದೇ ಬೆಳೆಸಿದ ಬೆಳೆ. ಗಂಡು ಸಾಲಿನ ಹೂವಿನ ಪುಡಿಯನ್ನು ಹೆಣ್ಣು ಸಾಲಿನ ಒಂದೊಂದೇ ಹೂವಿಗೆ ಮುಟ್ಟಿಸುವುದು ನಮ್ಮ ಕೂಲಿ. ಗಿಡಕ್ಕೆ ಬಸಿರು ಕಟ್ಟಿಸುವವರು ನಾವು, ಗಿಡ ಸತ್ತರೆ ಮೈಲಿಗೆಯೂ ನಮ್ಮದೇ. ನೀರು ನಿಂತು ಬೇರು ಕೊಳೆತದ್ದನ್ನು ಅವನಿಗೆ ಹೇಳುವವರು ಯಾರು?

"ಕಳಕವ್ವಾ, ಶೆಡ್ಡಿನ ಹಿಂದ ಒಬ್ಬೊಬ್ಬಾಕಿನ್ನ ಕರ್ಕೊಂಡು ಹೋಗಿ ಸೀರಿ ಎತ್ತಿ ನೋಡು. ಇಲ್ಲಾಂದ್ರ ನಾಳಿಂದ ಬ್ಯಾರೆ ಊರ ಮಂದಿನ್ನ ಕರಸ್ತೀನಿ."

ಕಳಕಮ್ಮ ನಮ್ಮ ಕೇರಿಯವಳೇ, ನಮ್ಮನ್ನೆಲ್ಲ ಟಂಟಂ ಗಾಡಿಯಲ್ಲಿ ತುಂಬಿಕೊಂಡು ಕೂಲಿಗೆ ಕರೆತರುವವಳು. "ಹೂಂ ರೀ ಧಣಿ" ಅಂದಳು. ಆಮೇಲೆ ನಮ್ಮ ಕಡೆ ತಿರುಗಿ, "ನಾ ಏನ್ ಮಾಡ್ಲೆವ್ವಾ? ನನ್ನ ಕೈಯಾಗ ಏನೈತಿ?" ಅಂದಳು. ಗಂಡ ಕುಡಿದು ಬಂದರೂ, ಮಗಳ ಸಾಲೆ ಬಿಡಿಸಿದರೂ ಅವಳದು ಅದೇ ಮಾತು. ಸುಳ್ಳೇಕೆ, ನಾವೂ ಅದನ್ನೇ ಅನ್ನುತ್ತಿದ್ದೆವು.

ಮೊದಲು ದ್ರಾಕ್ಷಾಯಿಣಿಯನ್ನು ಕರೆದಳು, ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು. ತಗಡಿನಾಚೆಯ ಮಾತು ನಮಗೆ ಕೇಳುತ್ತಿತ್ತು.

"ಬ್ಯಾಡ, ದೊಡ್ಡವ್ವಾ."

"ಗೌಡ್ರು ಹೇಳ್ಯಾರ. ನಾ ಅಲ್ಲವ್ವಾ."

"ಗೌಡ ಬಾಯಿಲೆ ಹೇಳ್ಯಾನ. ಲಂಗ ಎತ್ತಾಕತ್ತಿದ್ದು ಯಾರ ಕೈ?"

ಆಮೇಲೆ ಬಟ್ಟೆ ಸರಿದ ಸದ್ದಷ್ಟೇ. ನಾವು ನೆಲ ನೋಡುತ್ತ ನಿಂತೆವು. ಒಬ್ಬರೂ ಹೋಗಿ ತಡೆಯಲಿಲ್ಲ. ಮುಂದಿನ ಸರದಿ ನನ್ನದಾಗದಿರಲಿ ಅಂತ ಎಲ್ಲರೂ ಹಿಂದೆ ಹಿಂದೆ ಸರಿದೆವು.

ಕಳಕಮ್ಮ ಹೊರಗೆ ಬಂದಳು. ಹಿಂದೆ ದ್ರಾಕ್ಷಾಯಿಣಿ, ನೆರಿಗೆಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದಿದ್ದಳು.

"ಈಕಿನೇನು?" ಗೌಡ ಕೇಳಿದ.

"ಹೇಳಂಗಿಲ್ಲ."

"ಏನಂದಿ, ಬೋಸುಡಿ?"

"ನನ್ನ ಕೈಲೆ ಎತ್ತಿ ನೋಡೇನಿ. ನೀ ಹೇಳಿದಿ ಖರೆ, ಹೂಂ ಅಂದಾಕಿ ನಾನು. ಈ ಹೇಸಿಗಿ ನಂದು. ಆದ್ರ ಇನ್ನೊಬ್ಬಾಕಿನ್ನ ಮುಟ್ಟಂಗಿಲ್ಲ, ಈಕಿ ಸುದ್ದಿ ನಿನಗ ಹೇಳಂಗಿಲ್ಲ."

"ನಾಳಿಂದ ಇತ್ಲಾಗ ಮಾರಿ ತೋರಿಸಬ್ಯಾಡ!"

"ನಾಳಿ ಯಾಕ, ಈಗ ಹೊಂಟೆ."

ಅವಳು ಬುತ್ತಿಗಂಟು ತೆಗೆದುಕೊಂಡು ನಡೆದಳು. ಹೊಟ್ಟೆಯ ಚಿಂತೆ ನಮಗೂ ಇತ್ತು. ಆದರೂ ಹೂಪುಡಿಯ ಡಬ್ಬಿಗಳನ್ನು ಬದುವಿನ ಮೇಲಿಟ್ಟು ನಾವೂ ಹೊರಟೆವು. ಗೌಡನ ಬೈಗುಳ ರಸ್ತೆಯವರೆಗೂ ಕೇಳಿಸಿತು.

ಟಂಟಂನಲ್ಲಿ ಕಳಕಮ್ಮ ಸರಿದು ಜಾಗ ಮಾಡಿದಳು. "ಬಾ ಯವ್ವಾ, ಕುಂದ್ರು."

ದ್ರಾಕ್ಷಾಯಿಣಿ ಹತ್ತಲಿಲ್ಲ. ಬಿಸಿಲಿನಲ್ಲಿ ಊರಿನ ಕಡೆ ನಡೆದೇಬಿಟ್ಟಳು.

"ಕರೀರಿ ಆಕಿನ್ನ," ಅಂದ ಗಾಡಿ ಓಡಿಸುವ ರಫೀಕ.

"ಯಾವ ಬಾಯಿಲೆ ಕರೀಲಿ?" ಕಳಕಮ್ಮ ಗಾಡಿ ಇಳಿದಳು. ದ್ರಾಕ್ಷಾಯಿಣಿಯ ಹಿಂದೆಯೇ, ಒಂದಿಷ್ಟು ದೂರ ಬಿಟ್ಟು ನಡೆಯತೊಡಗಿದಳು.

ಹೆಜ್ಜೆ ಸಪ್ಪಳ ಕೇಳಿ ದ್ರಾಕ್ಷಾಯಿಣಿ ತಿರುಗಿ ನೋಡಿದಳು. ನೆರಿಗೆಯನ್ನು ಮತ್ತೆ ಬಿಗಿಹಿಡಿದು, ಓಡತೊಡಗಿದಳು.