ಹೊಸ್ತಿಲಲ್ಲಿ ಹೇಳಿದ ಒಡಪು

ಅಲೆವೂರಿನ ಶರೋನ್‌ಗೆ ಅಲಂಕಾರಗಳೆಲ್ಲ ಬಾಯಿಪಾಠ. ಉಪಮೆ, ರೂಪಕ, ಉತ್ಪ್ರೇಕ್ಷೆ ಎಂದು ಗಿಳಿಯ ಹಾಗೆ ಒಪ್ಪಿಸುತ್ತಿದ್ದಳು. ಆದರೆ ಹತ್ತನೇ ಕ್ಲಾಸಿನ ಆ ಹುಡುಗಿಗೆ ಒಂದು ಸಂಶಯ ಬಿಡಲೊಲ್ಲದು: ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಯಾರ ಗಂಟು ಹೋಗುತ್ತದೆ? ಕನ್ನಡದ ಝೀಟಾ ಟೀಚರನ್ನು ಕೇಳಿದರೆ, "ಪರೀಕ್ಷೆಗೆ ಆ ಪ್ರಶ್ನೆ ಬರುವುದಿಲ್ಲ ಮಾರಾಯ್ತಿ" ಎಂದು ಬಾಯಿ ಮುಚ್ಚಿಸಿದ್ದರು.

ಮಣಿಪಾಲದಲ್ಲಿ ಕಟ್ಟಡಗಳು ಮುಗಿಲಿಗೆ ಏಳುತ್ತಿದ್ದ ಕಾಲ. ಅಲ್ಲಿ ಗಾರೆ ಕೆಲಸ ಮಾಡುವ ಕೊಪ್ಪಳ ಕಡೆಯ ಮಲ್ಲಿನಾಥ, ಹೆಂಡತಿ ಶಿಲ್ಪಾಳೊಂದಿಗೆ ಶರೋನ್ ಮನೆಯ ಹಿತ್ತಲಿನ ಕೋಣೆಯಲ್ಲಿ ಬಾಡಿಗೆಗಿದ್ದ. ಅವರ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಬರಿದೇ ಹೇಳುವಂತಿಲ್ಲ. ಎರಡು ಸಾಲಿನ ಒಡಪು ಕಟ್ಟಿ, ಅದರೊಳಗೆ ಸೇರಿಸಿ ಹೇಳಬೇಕು. ಹೊಸ ಮದುಮಗಳು ಒಡಪು ಹೇಳುವ ತನಕ ನಾದಿನಿಯರು ಬಾಗಿಲು ಬಿಡುವುದಿಲ್ಲವಂತೆ. ಕೇಳಿದಂದಿನಿಂದ ಶರೋನ್‌ಗೆ ಅದರದೇ ಹುಚ್ಚು.

ಆದರೆ ವಾರದಿಂದ ಆ ಕೋಣೆಯಲ್ಲಿ ಮಾತೇ ಇಲ್ಲ. "ಏನಾತು?" ಎಂದು ಕೇಳಿ ಕೇಳಿ ಮಲ್ಲಿನಾಥ ಸೋತ. "ಏನಿಲ್ಲ" ಎಂಬುದೊಂದೇ ಉತ್ತರ. ಭಾನುವಾರ ಬೆಳಿಗ್ಗೆ ಶಿಲ್ಪಾ ಚೀಲಕ್ಕೆ ಸೀರೆಗಳನ್ನು ತುರುಕಿ ತವರಿಗೆ ಹೊರಟು ನಿಂತಳು. ಅವನು ಅಂಗಳದಲ್ಲಿ ಪೆಚ್ಚಾಗಿ ನಿಂತಿದ್ದ. ಇಗರ್ಜಿಯಿಂದ ಆಗಷ್ಟೇ ಬಂದ ಶರೋನ್ ಇದನ್ನು ಕಂಡಳು. ಶಿಲ್ಪಾ ಅಕ್ಕನ ಹಟ ಅವಳಿಗೆ ಗೊತ್ತು, ಹೋದರೆ ತಿರುಗಿ ಬರುವವಳಲ್ಲ. ಓಡಿ ಹೋಗಿ ಕೋಣೆಯ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದಳು.

"ಹೆಸರು ಹೇಳಿ ಅಕ್ಕ. ಹೇಳದೆ ಬಿಡುವುದಿಲ್ಲ."

"ದಾರಿ ಬಿಡವ್ವಾ, ಬಸ್ಸು ತಪ್ಪತೈತಿ."

"ಒಡಪು ಉಂಟಲ್ವಾ? ಒಂದೇ ಒಂದು ಸಾಕು."

ಶಿಲ್ಪಾ ಸಿಟ್ಟಿನಲ್ಲೇ ಅಂದಳು:

"ಕಡಲ ತೋರಸ್ತೇನಂತ ಕರಕೊಂಡು ಬಂದಾರ,
ಕಾಂಕ್ರೀಟ ತೋರಿಸಿ ಮಲ್ಲಿನಾಥರು ಸುಮ್ಮನ ಕುಂತಾರ!"

ಪ್ರಾಸ, ವ್ಯಂಗ್ಯ ಎಂದು ಶರೋನ್‌ನ ತಲೆಯಲ್ಲಿ ಹೆಸರುಗಳು ತಾವಾಗಿಯೇ ಎದ್ದವು. ಅಷ್ಟರಲ್ಲಿ ಅಂಗಳದಿಂದ ಮಲ್ಲಿನಾಥ ಹತ್ತಿರ ಬಂದಿದ್ದ. ಮುಖ ಕೆಂಪಾಗಿತ್ತು, ನಗುವೂ ತಡೆಯಲಾಗಿರಲಿಲ್ಲ.

"ಕಡಲಿನ ಸಲುವಾಗಿ ಇಷ್ಟೆಲ್ಲಾ? ನೆಟ್ಟಗ ಹೇಳಬಾರದಿತ್ತೇನ?"

"ನೆಟ್ಟಗ ಹೆಂಗ ಹೇಳಲಿ? ದಿನಾ ದಣದು ಬರತೀರಿ." ಶಿಲ್ಪಾಳ ಕಣ್ಣು ತುಂಬಿತ್ತು. "ಹೇಳಿದ್ರ ನಿಮಗ ನೋವು, ಹೇಳದಿದ್ರ ನನಗ."

ಟೀಚರು ಕೊಡದ ಉತ್ತರ ಕೊನೆಗೂ ಸಿಕ್ಕಿತೆಂದು ಶರೋನ್‌ಗೆ ಖುಷಿಯೋ ಖುಷಿ. ಆದರೂ ಬಾಗಿಲಿಂದ ಕೈ ತೆಗೆಯಲು ಧೈರ್ಯ ಬರಲಿಲ್ಲ.

"ತಂಗೆವ್ವ, ಕಾಪುವಿನ ಕಡಲಿಗೆ ಬಸ್ಸು ಎಷ್ಟೊತ್ತಿಗೈತಿ?" ಎನ್ನುತ್ತ ಮಲ್ಲಿನಾಥ ಅವಳ ಕೈಯಡಿಯಿಂದ ಬಗ್ಗಿ ಚೀಲ ಎತ್ತಿಕೊಂಡ.

ಶಿಲ್ಪಾ ಅದನ್ನು ಕಿತ್ತುಕೊಂಡು ಒಳಗೆ ಎಸೆದಳು.

"ಕಡಲು ನೋಡಾಕ ಇಷ್ಟು ಸೀರಿ ಯಾಕ್ರೀ?"