ಹುಲಿಗೆಪ್ಪ ಹೇಳಿದ ವಯಸ್ಸು

ಈ ಕತೆ ಹೇಳುವ ಮೊದಲು ಕ್ಷಮೆ ಕೇಳಿಕೊಳ್ಳಬೇಕು. ಇದರಲ್ಲಿ ಬರುವವರು ಯಾರೂ ಇದನ್ನು ಹೇಳು ಎಂದು ಕೇಳಿಲ್ಲ. ಅವರು ಇನ್ನೂ ಅದೇ ಓಣಿಯಲ್ಲಿದ್ದಾರೆ, ಓದಿಸಿ ಕೇಳಿದರೆ ನೊಂದುಕೊಂಡಾರು. ಹೇಳದಿದ್ದರೂ ನಡೆದೀತು ಎಂದು ಎಷ್ಟೋ ಸಲ ಅನ್ನಿಸಿದೆ. ಆದರೆ ಹುಲಿಗೆಪ್ಪನದೇ ತಪ್ಪು ಎಂದು ಒಂದು ಮಾತಿನಲ್ಲಿ ಮುಗಿಸಿಬಿಡುವವರನ್ನು ಕಂಡಾಗ, ಆ ತಪ್ಪು ಹೇಗೆ ಆಯಿತೆಂಬುದನ್ನಾದರೂ ಹೇಳಬೇಕು ಅನ್ನಿಸುತ್ತದೆ. ಹೆಚ್ಚುಕಡಿಮೆ ಆದರೆ ಮನ್ನಿಸಬೇಕು.

ಹುಲಿಗೆಪ್ಪ ಸುರಪುರದ ಕಡೆಯವನು. ಇಪ್ಪತ್ತು ವರ್ಷ ಪುಣೆಯ ಕಟ್ಟಡಗಳಲ್ಲಿ ದುಡಿದು, ಕೊನೆಗೆ ಮೂವತ್ತು ಆಳುಗಳ ಮೇಲೆ ಮುಕಾದಮನಾಗಿದ್ದ. ಧನಕವಡಿಯಲ್ಲಿ ಒಂದು ವಸತಿ ಸೊಸೈಟಿಯ ಸ್ಲ್ಯಾಬು ಹಾಕುವಾಗ ಸೆಂಟ್ರಿಂಗ್ ಕುಸಿದು ಬಲಗಾಲು ಮುರಿಯಿತು. ಕಾಲು ಕೂಡಿತು, ಆದರೆ ಗಿಡ್ಡವಾಗಿ ಕೂಡಿತು. ಆಗ ಅವನಿಗೆ ಕೆಲಸ ಕೊಟ್ಟವನು ಅಲ್ಲೇ ಹೋಟೆಲು ನಡೆಸುತ್ತಿದ್ದ ಉಡುಪಿ ಕಡೆಯ ಮಹಾಲಿಂಗ.

ಮಹಾಲಿಂಗ ಹಿಂದಿನ ವರ್ಷ ಹೋಟೆಲಿನ ಪಕ್ಕದ ಕೋಣೆಯಲ್ಲಿ ವಿಡಿಯೊ ಗೇಮಿನ ನಾಲ್ಕು ಯಂತ್ರ ತಂದಿಟ್ಟಿದ್ದ. ಒಂದರಲ್ಲಿ ಕಾರು, ಒಂದರಲ್ಲಿ ವಿಮಾನ, ಒಂದರಲ್ಲಿ ಇಟ್ಟಿಗೆ ಒಡೆಯುವ ಆಟ. ನಾಲ್ಕನೆಯದು ಇಸ್ಪೀಟಿನ ಆಟ. ಗೆದ್ದರೆ ಪರದೆಯ ಮೇಲೆ ಒಬ್ಬ ಹೆಂಗಸಿನ ಚಿತ್ರ ಬರುತ್ತಿತ್ತು; ಗೆದ್ದಷ್ಟೂ ಆಕೆಯ ಮೈಮೇಲಿನ ಬಟ್ಟೆ ಕಡಿಮೆಯಾಗುತ್ತಿತ್ತು. ಮೂರು ಯಂತ್ರಗಳಲ್ಲಿ ಆಗದ ವ್ಯಾಪಾರ ಅದೊಂದರಲ್ಲೇ ಆಗುತ್ತಿತ್ತು.

1986ರ ಬೇಸಿಗೆಯಲ್ಲಿ ಗಲಾಟೆ ಶುರುವಾಯಿತು. ಸೊಸೈಟಿಗಳ ಹೆಂಗಸರು ಮೋರ್ಚಾ ತಂದರು. ಮುಂದೆ ನಿಂತವರು ಶಾಲೆಯಲ್ಲಿ ಕಲಿಸುತ್ತಿದ್ದ ಗೋಡಬೋಲೆ ಬಾಯಿ. ಮರಾಠಿ ಪತ್ರಿಕೆಗಳಲ್ಲಿ ವಾರಗಟ್ಟಲೆ ವಾಚಕರ ಪತ್ರ ಬಂದವು. ಶಾಲೆಯ ಹಾಲಿನಲ್ಲಿ ಸಭೆ ಸೇರಿತು. ಹುಲಿಗೆಪ್ಪ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದ. ಸಿನೆಮಾಕ್ಕೆ ಸೆನ್ಸಾರಿನವರು 'ಎ' ಎಂದು ಬರೆದುಕೊಡುತ್ತಾರೆ, ಈ ಪೆಟ್ಟಿಗೆಗೆ ಬರೆದುಕೊಡುವವರು ಯಾರು ಎಂದು ಒಬ್ಬರು ಕೇಳಿದರು. ಹದಿನಾರು ಸಾಕು ಎಂದು ಒಬ್ಬರು. ಮದುವೆಗೆ ಇಪ್ಪತ್ತೊಂದು, ಓಟಿಗೆ ಇಪ್ಪತ್ತೊಂದು, ಇದಕ್ಕೇಕೆ ಕಡಿಮೆ ಎಂದು ಇನ್ನೊಬ್ಬರು. ಯಂತ್ರವನ್ನೇ ಸುಟ್ಟುಹಾಕಿ ಎಂದು ಹಿಂದಿನ ಸಾಲಿನಿಂದ ಒಂದು ಕೂಗು. ಮಹಾಲಿಂಗ ಎದ್ದು ನಿಂತು ತನ್ನ ಮರಾಠಿಯಲ್ಲಿ, ಅದು ಹೆಂಗಸಲ್ಲ, ಬರೀ ದೀಪದ ಚುಕ್ಕಿಗಳು ಎಂದ. ಸಭೆ ನಕ್ಕಿತು. ಗೋಡಬೋಲೆ ಬಾಯಿ ನಗಲಿಲ್ಲ.

ಕೊನೆಗೆ ಪೊಲೀಸರ ಎದುರಿಗೆ ಒಪ್ಪಂದವಾಯಿತು. ನಾಲ್ಕನೆಯ ಯಂತ್ರದ ಮೇಲೆ ಕೆಂಪು ಬಣ್ಣದಲ್ಲಿ 'ಎ' ಬರೆಯಬೇಕು. ಹದಿನೆಂಟು ತುಂಬದವರಿಗೆ ಪ್ರವೇಶವಿಲ್ಲ ಎಂದು ಬಾಗಿಲಿಗೆ ಬೋರ್ಡು ಹಾಕಬೇಕು. ನೋಡಿ ಒಳಗೆ ಬಿಡಲು ಒಬ್ಬ ಮನುಷ್ಯನನ್ನು ಕೂರಿಸಬೇಕು. ಮೀರಿದರೆ ಅಂಗಡಿ ಬಂದ್.

"ಹುಲಿಗೆಪ್ಪ, ನೀನು ಕೂತ್ಕೊ ಮಾರಾಯ," ಎಂದ ಮಹಾಲಿಂಗ. "ನಿಂಗೆ ಜನ ನೋಡಿ ಗೊತ್ತುಂಟಲ್ಲ."

ಜನ ನೋಡಿ ಗೊತ್ತಿತ್ತು ನಿಜ. ಆದರೆ ಅವನು ನೋಡಿದ್ದು ಬೇರೆ ರೀತಿ. ಕಟ್ಟಡದ ಕೆಲಸದಲ್ಲಿ ಯಾರ ವಯಸ್ಸನ್ನೂ ಯಾರೂ ಕೇಳುವುದಿಲ್ಲ. ಸಿಮೆಂಟಿನ ಚೀಲ ಬೆನ್ನ ಮೇಲೆ ಹೊತ್ತು ಎರಡನೆಯ ಮಹಡಿ ಹತ್ತಿದರೆ ಅವನು ಗಂಡಾಳು, ಅವನಿಗೆ ಪೂರಾ ಹಾಜರಿ, ಎಂದರೆ ಇಡೀ ದಿನದ ಕೂಲಿ. ನಡುವೆ ಇಳಿಸಿದರೆ ಹುಡುಗ, ಅರ್ಧ ಹಾಜರಿ. ಎಷ್ಟೋ ಸಲ ಚೀಲ ಹೊರಿಸದೆಯೇ ಹುಲಿಗೆಪ್ಪ ಅಂಗೈ ನೋಡಿ ಹೇಳಿಬಿಡುತ್ತಿದ್ದ. ಸ್ಟೂಲಿನ ಮೇಲೆ ಕೂತ ಮೊದಲ ದಿನವೇ ಅವನ ಕೈ ತಾನಾಗಿ ಮುಂದೆ ಚಾಚಿತು.

"ಹಾತ ದಾಖವ," ಕೈ ತೋರಿಸು.

ಕಾಲೇಜಿನ ಹುಡುಗನೊಬ್ಬ ಮೆತ್ತನೆಯ ಅಂಗೈ ತೋರಿಸಿದ. ಹುಲಿಗೆಪ್ಪ ಅವನನ್ನು ಹೊರಗೆ ನಿಲ್ಲಿಸಿದ. ತನಗೆ ಹತ್ತೊಂಬತ್ತು ಎಂದು ಆ ಹುಡುಗ ಎಗರಾಡಿದ, ಗುರುತಿನ ಚೀಟಿ ತೆಗೆದು ಮುಖದ ಮುಂದೆ ಹಿಡಿದ. ಹುಲಿಗೆಪ್ಪನಿಗೆ ಓದಲು ಬರುತ್ತಿರಲಿಲ್ಲ.

"ಏನ್ ನೋಡ್ತೀಯೋ ಹುಲಿಗೆಪ್ಪ, ಭವಿಷ್ಯಾನ?" ಎಂದು ಒಳಗಿನಿಂದ ಯಾರೋ ನಕ್ಕರು.

"ಭವಿಷ್ಯಾ ಅಲ್ಲೋ. ದುಡದಿದ್ದು ನೋಡ್ತೀನಿ. ದುಡದು ತಿನ್ನಾವ ಸಣ್ಣಾವ ಹೆಂಗ ಆಗ್ತಾನ?"

ಹೀಗಾಗಿಯೇ ಅವನು ತನ್ನ ಅಳಿಯ ಗುರಣ್ಣನನ್ನು ಒಳಗೆ ಬಿಟ್ಟ. ತಂಗಿ ಸಾಬವ್ವನ ಮಗ ಎಂಬ ಮುಲಾಜಿನಿಂದಲ್ಲ. ಗುರಣ್ಣ ಭೋಸರಿಯಲ್ಲಿ ಲೋಹಕ್ಕೆ ಮೆರುಗು ಹಾಕುವ ಒಂದು ಪ್ಲೇಟಿಂಗ್ ಕಾರ್ಖಾನೆಯಲ್ಲಿ ಸಾಮಾನು ಒರೆಸುವ, ತಂತಿ ಕಟ್ಟುವ ಕೆಲಸ ಮಾಡುತ್ತಿದ್ದ. ತಂದೆ ಇರಲಿಲ್ಲ. ಅವನ ಅಂಗೈ ಹಳೆಯ ಚಪ್ಪಲಿಯ ಅಟ್ಟೆಯ ಹಾಗೆ ಗಟ್ಟಿಯಾಗಿತ್ತು. ಮೀಸೆ ಇನ್ನೂ ಮೂಡಿರಲಿಲ್ಲ. ಹುಲಿಗೆಪ್ಪ ಮೀಸೆ ನೋಡಲಿಲ್ಲ.

ಬೋರ್ಡು ಬರೀ ತೋರಿಕೆಗೆ ಎಂದು ಗೋಡಬೋಲೆ ಬಾಯಿ ದೂರು ಕೊಟ್ಟರು. ಜುಲೈ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಫೌಜದಾರನು ಇಬ್ಬರು ಪೇದೆಗಳೊಂದಿಗೆ ಬಂದ. ಒಳಗೆ ಹನ್ನೊಂದು ಮಂದಿ ಇದ್ದರು. ಹತ್ತು ಮಂದಿ ಯಾವುದೋ ಒಂದು ಕಾಗದ ತೋರಿಸಿದರು. ನಾಲ್ಕನೆಯ ಯಂತ್ರದ ಮುಂದೆ ನಿಂತಿದ್ದ ಗುರಣ್ಣನ ಹತ್ತಿರ ಏನೂ ಇರಲಿಲ್ಲ. ಅವನನ್ನೂ ಹುಲಿಗೆಪ್ಪನನ್ನೂ ಮಹಾಲಿಂಗನನ್ನೂ ಪೊಲೀಸ್ ಚೌಕಿಗೆ ಕರೆದುಕೊಂಡು ಹೋದರು. ಸಾಬವ್ವ ಕೆಲಸದ ಮನೆಯಿಂದ ಸೋಪಿನ ಕೈಯಲ್ಲೇ ಓಡಿಬಂದಳು.

ಗೋಡಬೋಲೆ ಬಾಯಿ ಅಲ್ಲಿದ್ದರು. ಹುಡುಗನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ಪೋರ ಆಹೇ ಹೋ ಹಾ," ಎಂದರು. ಇವನಿನ್ನೂ ಕೂಸು ಎಂದರ್ಥ. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಮರುಕವೇ ಇತ್ತು. ಅದು ಹುಲಿಗೆಪ್ಪನನ್ನು ಹೆಚ್ಚು ಹೆದರಿಸಿತು.

ಹುಡುಗ ಸಣ್ಣವನೆಂದಾದರೆ ರಿಮಾಂಡ್ ಹೋಮಿಗೆ, ಅಂಗಡಿಗೆ ಬೀಗ ಎಂದ ಫೌಜದಾರ. ದೊಡ್ಡವನಾದರೆ ಬೈದು ಬಿಡುವುದು. ಕಾಗದ ಇಲ್ಲದ್ದಕ್ಕೆ ಮನೆಯ ಹಿರಿಯ ಗಂಡಸು ಜಬಾಬು, ಅಂದರೆ ಹೇಳಿಕೆ, ಬರೆಸಬೇಕು.

"ಹದಿನೆಂಟು ಆಗಿದೆ ಅಂತ ಹೇಳು ಮಾರಾಯ," ಎಂದು ಮಹಾಲಿಂಗ ಪಿಸುಗುಟ್ಟಿದ. "ಇಲ್ಲದಿದ್ರೆ ನಿನ್ನ ಕೆಲಸವೂ ಹೋಗ್ತದೆ, ನನ್ನದೂ."

ಸಾಬವ್ವ ಅಣ್ಣನ ತೋಳು ಹಿಡಿದಳು. "ಯಣ್ಣಾ, ಅಲ್ಲಿ ಒಳಗ ಹಾಕಿದ್ರ ಹುಡುಗ ತಿರುಗಿ ಬರಂಗಿಲ್ಲ. ಅಂವ ದೊಡ್ಡಾವ ಅನ್ನು. ಕೊಯ್ನಾದ ಭೂಮಿ ನಡುಗಿದ ವರ್ಷದಾವ ಅನ್ನು."

"ಸಾಬೀ, ಅಂವ ಬ್ಯಾರೆ ಅಲ್ಲೇನ?"

"ಅಂವನ ಇಂವ," ಎಂದಳು ಸಾಬವ್ವ. "ಹೋದಾವ ತಿರುಗಿ ಬಂದಾನ ಅಂತ ಹಿರ್ಯಾರು ಹೇಳಿಲ್ಲೇನ?"

ಇಲ್ಲಿ ಒಂದು ವಿಷಯ ಹೇಳಬೇಕು. ಸಾಬವ್ವನಿಗೆ ಇಬ್ಬರು ಗುರಣ್ಣಂದಿರು ಹುಟ್ಟಿದ್ದರು. ಮೊದಲನೆಯವನಿಗೆ ಅಜ್ಜನ ಹೆಸರಿಟ್ಟರು. ಮೂರು ತುಂಬುವ ಮೊದಲೇ ಅದು ಜ್ವರ ಬಂದು ಹೋಯಿತು. ಮುಂದೆ ಹುಟ್ಟಿದವನಿಗೂ ಅದೇ ಹೆಸರು. ಅಜ್ಜ ಮನೆ ಬಿಟ್ಟು ಹೋಗಬಾರದು, ಹೋದ ಕೂಸು ತಿರುಗಿ ಬರಬೇಕು ಎಂದು ಅವರ ಕಡೆ ಹೀಗೆ ಮಾಡುತ್ತಾರೆ. ಸತ್ತ ಕೂಸಿನ ಮಾತು ಆಮೇಲೆ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಹುಲಿಗೆಪ್ಪ ಮೇಜಿನ ಮುಂದೆ ನಿಂತ. "ವಯ ಕಿತಿ?" ವಯಸ್ಸೆಷ್ಟು ಎಂದ ಫೌಜದಾರ.

ಹುಲಿಗೆಪ್ಪ ತನಗೆ ಬರುವ ಮರಾಠಿಯಲ್ಲಿ ಹೇಳಿದ. ಕೊಯ್ನಾದಲ್ಲಿ ಭೂಕಂಪವಾಗಿ ಇಲ್ಲಿ ಪುಣೆಯಲ್ಲಿ ಪಾತ್ರೆ ಉರುಳಿದ ಎಂಟನೆಯ ದಿನ ಊರಿನಿಂದ ಕಾಗದ ಬಂದಿತ್ತು, ತಂಗಿಗೆ ಗಂಡು ಹುಟ್ಟಿದೆ ಎಂದು. ತಾನು ಸೋದರಮಾವ, ಊರಿಗೆ ಹೋಗಿ ಆ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಜವಳ ತೆಗೆಸಿದ್ದ, ಮೊದಲ ಕೂದಲು ಬಿದ್ದದ್ದು ತನ್ನ ಧೋತರದ ಮೇಲೆಯೇ. ಅದರ ಹೆಸರು ಗುರಣ್ಣ.

ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ. ಫೌಜದಾರ 1967ರಿಂದ ಬೆರಳು ಮಡಚಿ ಎಣಿಸಿ 'ವಯಸ್ಸು 18' ಎಂದು ಬರೆದ. ಗೋಡಬೋಲೆ ಬಾಯಿ ಹುಲಿಗೆಪ್ಪನ ಮುಖವನ್ನು ಬಹಳ ಹೊತ್ತು ನೋಡಿದರು. ಸೋದರಮಾವನೇ ಹೇಳಿದ ಮೇಲೆ ಅವರು ಏನು ತಾನೆ ಹೇಳಿಯಾರು? ಹುಲಿಗೆಪ್ಪ ಹೆಬ್ಬೆಟ್ಟು ಒತ್ತಿದ.

ಚೌಕಿಯ ಮೆಟ್ಟಿಲಿಳಿಯುವಾಗ ಗುರಣ್ಣ ನಗುತ್ತಿದ್ದ. "ಮಾವಾ, ಇನ್ನ ಮ್ಯಾಲ ನನಗ ಯಾರೂ ಲೇ ಅನ್ನಂಗಿಲ್ಲ ನೋಡು."

"ಮುಚ್ಚಲೇ ಬಾಯಿ," ಎಂದ ಹುಲಿಗೆಪ್ಪ.

ಮಹಾಲಿಂಗ ಆ ಜಬಾಬಿನ ನಕಲು ತೆಗೆಸಿ, ಚೌಕಿಯ ಮೊಹರಿನ ಠಸ್ಸೆ ಹಾಕಿಸಿ, ಒಂದನ್ನು ಸಾಬವ್ವನಿಗೂ ಕೊಟ್ಟ. ಮುಂದೆ ಯಾರಾದರೂ ಕೇಳಿದರೆ ಇರಲಿ ಎಂದು. ಗುರಣ್ಣನ ಹೆಸರಿನಲ್ಲಿ ಸರಕಾರದ ಠಸ್ಸೆ ಬಿದ್ದ ಮೊದಲ ಕಾಗದ ಅದು. ಸಾಬವ್ವ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಭೋಸರಿಗೆ ಒಯ್ದು ಕಾರ್ಖಾನೆಯ ಠೇಕೇದಾರನ ಮುಂದೆ ಹಿಡಿದಳು. ಹದಿನೆಂಟು ತುಂಬದವರನ್ನು ಆಸಿಡ್ಡಿನ ತೊಟ್ಟಿಯ ಹತ್ತಿರ ನಿಲ್ಲಿಸುವಂತಿಲ್ಲ ಎಂದು ಅವನು ಅಲ್ಲಿಯವರೆಗೆ ಗುರಣ್ಣನನ್ನು ಅರ್ಧ ಹಾಜರಿಯಲ್ಲೇ ಇಟ್ಟಿದ್ದ. ಕಾಗದ ನೋಡಿ, ಇನ್ನೇನು ಅಡ್ಡಿ ಎಂದು ಮರುದಿನವೇ ತೊಟ್ಟಿಯ ಕೆಲಸಕ್ಕೆ ಹಾಕಿದ.

ಸಾಬವ್ವ ಪೇಢೆ ತಂದಳು. "ಯಣ್ಣಾ, ಪೂರಾ ಹಾಜರಿ ಆತು. ಎಲ್ಲಾ ನಿನ್ನ ಬಾಯಿಂದ ಆತು."

"ತೊಟ್ಟಿ ಕೆಲಸಾ ಭಾಳ ಕೆಟ್ಟ ಅಂತಾರಲ್ಲ ಸಾಬೀ."

"ಉಳದ ಮಂದಿ ಮಾಡವಲ್ರೇನು?"

ಆಗಲೇ ಅವನು ಎದ್ದು ಭೋಸರಿಗೆ ಹೋಗಬೇಕಿತ್ತು. ಹುಡುಗ ಸಣ್ಣವನು, ನಾನು ಹೇಳಿದ್ದು ಬೇರೆಯವನ ವಯಸ್ಸು ಎನ್ನಬೇಕಿತ್ತು. ಎನ್ನಬೇಕು ಎಂದು ರಾತ್ರಿ ಅನ್ನಿಸುತ್ತಿತ್ತು. ಬೆಳಗಾದರೆ ಸ್ಟೂಲು, ಬೋರ್ಡು, ಮಹಾಲಿಂಗನ ಅನ್ನ, ಚೌಕಿಯಲ್ಲಿರುವ ಹೆಬ್ಬೆಟ್ಟು ಕಣ್ಣ ಮುಂದೆ ಬರುತ್ತಿದ್ದವು. ಬಾಯಿಗೆ ಹಾಕಿಕೊಂಡ ಪೇಢೆ ಸಿಹಿಯಾಗಿಯೇ ಇತ್ತು. ಅವನು ತಿಂದ.

ದೀಪಾವಳಿ ಕಳೆದ ಮೇಲೆ ಜನರಿಗೆ ಇಸ್ಪೀಟಿನ ಯಂತ್ರ ಬೇಸರವಾಯಿತು. ಮಹಾಲಿಂಗ ಅದನ್ನು ಸೊಲ್ಲಾಪುರದವರಿಗೆ ಮಾರಿದ. ಪತ್ರಿಕೆಯ ಪತ್ರಗಳು ಪ್ರವಾಸದ ಬಸ್ಸುಗಳಲ್ಲಿ ತೋರಿಸುವ ಸಿನೆಮಾಗಳ ಕಡೆ ತಿರುಗಿದವು. ನವೆಂಬರಿನ ಕೊನೆಯ ವಾರ ಭೋಸರಿಯಲ್ಲಿ ತೊಟ್ಟಿಯೊಳಗಿನಿಂದ ಸಾಮಾನಿನ ಚೌಕಟ್ಟು ಎತ್ತುವಾಗ ಗುರಣ್ಣನ ಕೈ ಜಾರಿ ಆಸಿಡ್ಡು ಮೇಲಕ್ಕೆ ಸಿಡಿಯಿತು. ತೊಟ್ಟಿಯ ಅಂಚು ದೊಡ್ಡವರ ಎದೆಯ ಎತ್ತರಕ್ಕೆ ಕಟ್ಟಿದ್ದು. ಅವನಿಗೆ ಅದು ಮುಖದ ಮಟ್ಟಕ್ಕೆ ಬರುತ್ತಿತ್ತು.

ಸಸೂನ್ ಆಸ್ಪತ್ರೆಯಲ್ಲಿ ಡಾಕ್ಟರರು ಎಡಗಣ್ಣು ಹೋಯಿತು ಎಂದರು. ಬಲಗಣ್ಣಿಗೆ ಬೆಳಕು ಕತ್ತಲೆ ತಿಳಿದೀತು, ಅಷ್ಟೇ.

ಕಾರ್ಖಾನೆಗಳ ಇನ್ಸ್‌ಪೆಕ್ಟರ್ ಬಂದ. ಹುಡುಗ ಹದಿನೆಂಟರ ಒಳಗಿನವನಾದರೆ ಮಾಲಕ ಕೋರ್ಟಿಗೆ ಉತ್ತರ ಹೇಳಬೇಕು. ಹದಿನೆಂಟು ದಾಟಿದ್ದರೆ ಅವನದೇ ಅಜಾಗರೂಕತೆ ಎಂದು ಮುಗಿಸುತ್ತಾರೆ ಎಂದ. ಮಾಲಕನ ಕಡೆಯವರು ಠಸ್ಸೆಯ ಕಾಗದ ಮುಂದಿಟ್ಟಿದ್ದರು. ಹುಲಿಗೆಪ್ಪ ಇನ್ಸ್‌ಪೆಕ್ಟರನ ಕಾಲು ಹಿಡಿಯಲು ಬಗ್ಗಿದ. ಗಿಡ್ಡಗಾಲು ಸಾಥ್ ಕೊಡದೆ ಗೋಡೆ ಹಿಡಿದು ನಿಂತ.

"ಸಾಹೇಬ, ಅದು ಸತ್ತ ಹುಡುಗನ ವಯಸ್ಸು. ಇವನು ಸಣ್ಣವನು," ಎಂದ ಮರಾಠಿಯಲ್ಲಿ.

"ಹಾಗಾದರೆ ಇವನದೆಷ್ಟು?"

ಹುಲಿಗೆಪ್ಪ ಗೊತ್ತಿಲ್ಲ ಎಂದ. ಎರಡನೆಯವನು ಹುಟ್ಟಿದಾಗ ಅವನು ಪುಣೆಯಿಂದ ಆಗಾಗ ಹೋಗುತ್ತಿದ್ದ ಗೋವಾದ ಕೆಲಸದಲ್ಲಿದ್ದ. ಹಿಂದಿನ ಕೂಸು ಹೋದ ಹೆದರಿಕೆಗೆ ಜವಳವನ್ನೂ ಮಾಡಿರಲಿಲ್ಲ.

"ಚೌಕಿಯಲ್ಲಿ ಗೊತ್ತಿತ್ತು, ಈಗ ಗೊತ್ತಿಲ್ಲವೇ?" ಎಂದ ಇನ್ಸ್‌ಪೆಕ್ಟರ್. ಆದರೂ ಒಳ್ಳೆಯ ಮನುಷ್ಯ. ಏನಾದರೂ ದಾಖಲೆ ತಂದರೆ ನೋಡುತ್ತೇನೆ ಎಂದು ಎಂಟು ದಿನ ಕೊಟ್ಟ.

ಸಾಬವ್ವನಿಗೆ ವರ್ಷ ಗೊತ್ತಿರಲಿಲ್ಲ. ಜಾಗ ಗೊತ್ತಿತ್ತು. "ಸ್ವಾರಗೇಟಿನ್ಯಾಗ ಗಟಾರ ತೋಡ್ತಿದ್ವಿ. ಬ್ಯಾನಿ ಬಂದಾಗ ಬುಟ್ಟಿ ತಲಿ ಮ್ಯಾಲ ಇತ್ತು. ಪೈಪಿನ ಒಳಗ ಹಡದೆ. ಆ ಗಟಾರ ಯಾವಾಗ ತೋಡಿದ್ರು ಕೇಳಿ ಬಾ ಯಣ್ಣಾ."

ಹುಲಿಗೆಪ್ಪ ಪುಣೆಯ ಕಾರ್ಪೊರೇಷನ್ನಿಗೆ ಹೋಗಿ ಮೂರು ದಿನ ಕುಳಿತ. ನಾಲ್ಕನೆಯ ದಿನ ಒಬ್ಬ ಕಾರಕೂನ ಬೇಸತ್ತು ಹಳೆಯ ಕಡತ ತೆಗೆದ. ಆ ಗಟಾರವನ್ನು ಮೂರು ಸಲ ತೋಡಿದ್ದರು. ಎಪ್ಪತ್ತರಲ್ಲಿ, ಎಪ್ಪತ್ತೆರಡರಲ್ಲಿ, ಎಪ್ಪತ್ತನಾಲ್ಕರಲ್ಲಿ.

"ಯಾವುದು ಬೇಕು ನಿನಗೆ?" ಎಂದು ಕಾರಕೂನ ಕೇಳಿದ.

ಲೆಕ್ಕ ಹಾಕಿದರೆ ಗುರಣ್ಣನಿಗೆ ಹದಿನಾರು, ಇಲ್ಲವೆ ಹದಿನಾಲ್ಕು, ಇಲ್ಲವೆ ಹನ್ನೆರಡು. ಯಾವುದಾದರೂ ಹದಿನೆಂಟರ ಒಳಗೇ, ಆದರೆ ಅಲ್ಲಿ ಕೂಸು ಹುಟ್ಟಿತೆಂದು ಆ ಕಡತದಲ್ಲಿ ಎಲ್ಲೂ ಬರೆದಿರಲಿಲ್ಲ. ಹುಲಿಗೆಪ್ಪ ಆಸ್ಪತ್ರೆಯವರೆಗೆ ನಡೆದುಕೊಂಡೇ ಬಂದ.

ಗೋಡಬೋಲೆ ಬಾಯಿ ಮೋಸಂಬಿ ತೆಗೆದುಕೊಂಡು ಬಂದಿದ್ದರು. ನಾನು ಅಂದೇ ಹೇಳಿದ್ದೆ ಎಂದು ಅವರು ಅನ್ನಲಿಲ್ಲ. ಅಂದಿದ್ದರೆ ಹುಲಿಗೆಪ್ಪನಿಗೆ ಹಗುರವಾಗುತ್ತಿತ್ತೇನೋ. ಮಂಚದ ಪಕ್ಕ ಕುಳಿತು ಪರಿಹಾರಕ್ಕಾಗಿ ಮಂತ್ರಿಗಳಿಗೆ ಅರ್ಜಿ ಬರೆಯತೊಡಗಿದರು. ಹೆಸರು ಬರೆದರು, ಊರು ಬರೆದರು, ವಯಸ್ಸಿನ ಜಾಗಕ್ಕೆ ಬಂದು ಪೆನ್ನು ನಿಲ್ಲಿಸಿ ಹುಲಿಗೆಪ್ಪನತ್ತ ನೋಡಿದರು.

ಕಣ್ಣಿಗೆ ಪಟ್ಟಿ ಕಟ್ಟಿದ್ದ ಗುರಣ್ಣ ಸದ್ದಿನ ಕಡೆ ತಲೆ ತಿರುಗಿಸಿದ. "ಮಾವಾ, ಖರೇನ ನನಗ ಎಷ್ಟು ವರ್ಷ?"

ಹುಲಿಗೆಪ್ಪ ಅವನ ಅಂಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. 

ಎಲುಬಿನ ಫೋಟೊ ತೆಗೆದರೆ ತಿಳಿಯುತ್ತದೆ ಎಂದು ಆಮೇಲೆ ಯಾರೋ ಹೇಳಿದರು. ಆದರೆ ಎಂಟು ದಿನದ ಗಡುವು ಆಗಲೇ ಮುಗಿದಿತ್ತು. ಕಾರ್ಖಾನೆಯ ಕಡತದಲ್ಲಿ ಹದಿನೆಂಟು ಎಂದೇ ಉಳಿಯಿತು. ಅರ್ಜಿಗೆ ಉತ್ತರ ಬಂದಿತೋ ಇಲ್ಲವೋ, ಗೋಡಬೋಲೆ ಬಾಯಿ ವಯಸ್ಸಿನ ಜಾಗದಲ್ಲಿ ಯಾವ ಅಂಕಿ ತುಂಬಿದರೋ ವಿಚಾರಿಸಲು ಧೈರ್ಯವಾಗಲಿಲ್ಲ. ಗುರಣ್ಣ ಕಣ್ಣು ಕಳೆದುಕೊಂಡಾಗ ಅವನ ವಯಸ್ಸು ಎಷ್ಟಿತ್ತು ಎಂಬುದು ಅವನ ತಾಯಿಗೆ ಗೊತ್ತಿಲ್ಲ, ಮಾವನಿಗೆ ಗೊತ್ತಿಲ್ಲ. ಇದನ್ನು ಬರೆದವರಿಗೂ ಗೊತ್ತಿಲ್ಲ.